ಹೊಸ ವರ್ಷನ್‌ಗೆ ಹೊಂದಿಕೊಳ್ಳಲಾ, ಹಳೆಯದಕ್ಕೆ ವಾಪಸ್ ಹೋಗಲಾ? ಅನುಭವ ಇದ್ದವರು ಹೇಳಿ

ಅರ್ಧಹಾಡು:
ಹನ್ನೊಂದು ವರ್ಷದಿಂದ ಒಂದೇ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಹೆಸರು ಬೇಡ, ಹೇಳಿದರೆ ಜಗಳ ಅದರ ಮೇಲೇ ಶುರುವಾಗುತ್ತದೆ. ಹೊಸ ವರ್ಷನ್‌ನಲ್ಲಿ ಅದರ ಮುಖವೇ ಗುರುತು ಸಿಗುತ್ತಿಲ್ಲ. ಮಿಕ್ಸರ್‌ಗೆ ಬೇರೆ ವಿಂಡೋ ಇಲ್ಲ, ಎಲ್ಲವನ್ನೂ ಒಂದರಲ್ಲೇ ತುರುಕಿದ್ದಾರೆ. ಎರಡನೇ ಮಾನಿಟರ್ ಸುಮ್ನೆ ಕಪ್ಪಗೆ ಕೂತಿದೆ. ಬಣ್ಣದ ಐಕಾನ್‌ಗಳೆಲ್ಲ ಬೂದಿ ಬಣ್ಣ. ಶಿಫ್ಟ್-ಡಿ ಒತ್ತಿದರೆ ಮೊದಲು ಕ್ಲಿಪ್ ಕಾಪಿ ಆಗುತ್ತಿತ್ತು, ಈಗ ಟ್ರ್ಯಾಕ್ ಮ್ಯೂಟ್ ಆಗುತ್ತದೆ. ನಿನ್ನೆ ಗಾಯಕಿ ಮೈಕ್ ಮುಂದೆ ನಿಂತಿದ್ದಾಗ ಮೂರು ಸಲ ಅವರ ಟ್ರ್ಯಾಕನ್ನೇ ಮ್ಯೂಟ್ ಮಾಡಿದೆ. ಮೂರನೇ ಸಲ ಅವರು ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ನೇತುಹಾಕಿದರು.

ಒಂಬತ್ತು ಹಾಡಿನ ಆಲ್ಬಂ. ನಾಲ್ಕು ಮುಗಿದಿವೆ. ಐದನೆಯದನ್ನು ಹೊಸ ವರ್ಷನ್‌ನಲ್ಲಿ ಸೇವ್ ಮಾಡಿಬಿಟ್ಟೆ, ಈಗ ಹಳೆಯದು ಆ ಫೈಲ್ ತೆರೆಯುವುದೇ ಇಲ್ಲ. ಏನು ಮಾಡಲಿ? ಬೇರೆ ಸಾಫ್ಟ್‌ವೇರ್‌ಗೇ ಹೋಗಿಬಿಡಲಾ?

ಹಳೇಫೇಡರ್:
ವಾಪಸ್ ಹೋಗಿ. ನಾನು ಹೋಗಿ ಆರು ವರ್ಷ ಆಯಿತು, ಒಂದು ದಿನವೂ ಬೇಸರ ಪಟ್ಟಿಲ್ಲ. ಇಲ್ಲ, ಹತ್ತೊಂಬತ್ತು ದಿನ ಪಟ್ಟಿದ್ದೇನೆ, ಅದನ್ನೂ ಹೇಳುತ್ತೇನೆ.

ಒಂದು ಕಂಪ್ಯೂಟರನ್ನು ಇದಕ್ಕೇ ಅಂತ ಇಟ್ಟೆ. ನೆಟ್ ಕೇಬಲ್ ಕಿತ್ತು ಹಾಕಿದೆ. ಅಪ್‌ಡೇಟ್ ಇಲ್ಲ, ಆಂಟಿವೈರಸ್ ಇಲ್ಲ. ಮೂರನೇ ವರ್ಷ ಮದರ್‌ಬೋರ್ಡ್ ಹೋಯಿತು. ಬೇರೆ ಬೋರ್ಡ್ ಹಾಕಿದೆ. ಸಾಫ್ಟ್‌ವೇರ್ ಅದನ್ನು ಹೊಸ ಕಂಪ್ಯೂಟರ್ ಅಂದುಕೊಂಡು ಮತ್ತೆ ಲೈಸೆನ್ಸ್ ಕೇಳಿತು. ಪ್ಲಗಿನ್‌ಗಳೂ (ಎಫೆಕ್ಟ್, ವಾದ್ಯದ ಸದ್ದಿಗೆ ಅಂತ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಒಂದೊಂದಾಗಿ ಕೇಳಿದವು. ಒಟ್ಟು 23 ಪ್ಲಗಿನ್, ಅದರಲ್ಲಿ 4ರ ಆಕ್ಟಿವೇಶನ್ ಸರ್ವರೇ ಮುಚ್ಚಿತ್ತು. ಒಂದು ಕಂಪನಿಗೆ ಏಳು ಮೇಲ್ ಬರೆದೆ. ಹತ್ತೊಂಬತ್ತನೇ ದಿನ ಉತ್ತರ ಬಂತು. ತೆರೆದು ನೋಡಿದರೆ ಹೊಸ ವರ್ಷನ್‌ಗೆ ರಿಯಾಯಿತಿ ಕೂಪನ್! ಕೊನೆಗೆ ಹಳೆಯ ಬೋರ್ಡನ್ನೇ ರಿಪೇರಿಗೆ ಕೊಟ್ಟೆ. ಐದು ಕೆಪಾಸಿಟರ್ ಉಬ್ಬಿದ್ದವು. ಅವನ್ನು ಬದಲಾಯಿಸಿದ ಮೇಲೆ ಎಲ್ಲ ಮೊದಲಿನಂತೆ. ಆ ಐದೂ ಕೆಪಾಸಿಟರ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಈಗ ಡಿಸ್ಕ್‌ನ ಎರಡು ಕ್ಲೋನ್ ಇದೆ, ಒಂದು ಮನೆಯಲ್ಲಿ, ಒಂದು ತಮ್ಮನ ಮನೆಯಲ್ಲಿ.

ಬಫರ್128:
ಅದು ಸ್ಟುಡಿಯೋ ಅಲ್ಲ ಸಾರ್, ಐಸಿಯು. ನಾಳೆ ಆರನೇ ಕೆಪಾಸಿಟರ್ ಉಬ್ಬಿದರೆ?

ನಾನು ಗಂಟುಮೂಟೆ ಕಟ್ಟಿಕೊಂಡು ರೀಪರ್ ಅನ್ನುವ ಬೇರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಹೋದೆ. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಟ್ಟು 37 ಪ್ರಾಜೆಕ್ಟ್. ಪ್ರತಿಯೊಂದು ಟ್ರ್ಯಾಕನ್ನೂ ಮೊದಲನೇ ಬಾರ್‌ನಿಂದ ಕೊನೆವರೆಗೆ ವೇವ್ ಫೈಲ್ ಮಾಡಿ ತೆಗೆದೆ. ಎಫೆಕ್ಟ್ ಇಲ್ಲದ್ದು ಒಂದು, ಇರುವುದು ಒಂದು. 1,106 ಫೈಲ್. 41 ಸಂಜೆ. ಆರು ಹಾಡಿನಲ್ಲಿ ಕೊನೆಯ ರಿವರ್ಬ್ (ಅನುರಣನ) ಬಾಲ ಕತ್ತರಿಸಿಹೋಗಿತ್ತು, ಎಕ್ಸ್‌ಪೋರ್ಟ್ ಗಡಿಯನ್ನು ಹಾಡು ನಿಂತ ಜಾಗಕ್ಕೇ ಇಟ್ಟಿದ್ದೆ. ಅವನ್ನು ಮತ್ತೆ ಮಾಡಿದೆ. ಎರಡು ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವುದು) 48 ಕಿಲೋಹರ್ಟ್ಸ್, ಉಳಿದವುಗಳದ್ದು 44.1. ನೋಡದೆ ಎಲ್ಲವನ್ನೂ ಒಂದೇ ಸಾಲಲ್ಲಿ ಬಿಟ್ಟೆ. ಅವೆರಡನ್ನೂ ಮತ್ತೆ ಮಾಡಿದೆ. ಇಷ್ಟೆಲ್ಲ ಆದಮೇಲೂ ಮಿಕ್ಸ್ ಮೊದಲಿನ ಹಾಗೆ ಕೇಳಲಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಎರಡೂ ಕಡೆ ಪ್ಯಾನ್ ಲಾ (ಸದ್ದನ್ನು ಎಡ-ಬಲದ ನಡುವೆ ಇಟ್ಟಾಗ ಎಷ್ಟು ತಗ್ಗಿಸಬೇಕು ಅನ್ನುವ ಲೆಕ್ಕ) ಬೇರೆ ಬೇರೆ. ನಡುವೆ ಇಟ್ಟ ಮೊನೊ (ಒಂದೇ ಚಾನೆಲ್‌ನ) ಟ್ರ್ಯಾಕ್‌ಗಳೆಲ್ಲ 3 ಡೆಸಿಬೆಲ್ ಎದ್ದು ನಿಂತಿದ್ದವು.

ಆದರೂ ಈಗ ನೆಮ್ಮದಿ ಇದೆ. ಪ್ರಾಜೆಕ್ಟ್ ಫೈಲ್ ಬರೀ ಟೆಕ್ಸ್ಟ್. ಕೆಟ್ಟರೆ ನೋಟ್‌ಪ್ಯಾಡ್‌ನಲ್ಲೇ ತೆರೆದು ನೋಡಬಹುದು. ಕೊಳ್ಳುವ ಮೊದಲು 60 ದಿನ ಪೂರ್ತಿ ಬಳಸಿ ನೋಡಲು ಬಿಡುತ್ತಾರೆ. ನಿಮ್ಮ ಹಳೆಯ ಪೆಟ್ಟಿಗೆಯಲ್ಲಿ ಇದು ಸಾಧ್ಯವಾ?

ಹಳೇಫೇಡರ್:
ನೀವು 41 ಸಂಜೆ ಫೈಲ್ ಎಣಿಸುತ್ತಿದ್ದಾಗ ನಾನು 41 ಸಂಜೆ ಹಾಡು ಮಾಡಿದೆ.

ಇರುವೆಸಾಲು:
ಎಲ್ಲರೂ ಹೊಸದನ್ನು ಬೈಯುವವರೇ. ಒಮ್ಮೆ ನನ್ನ ಕಣ್ಣಿನಿಂದ ನೋಡಿ. ನಾನೂ ಇಂಥದ್ದೇ ಒಂದು ಸಾಫ್ಟ್‌ವೇರ್‌ನಲ್ಲಿ ಒಂಬತ್ತು ವರ್ಷ ಕಳೆದವಳು. 4ಕೆ ಮಾನಿಟರ್ ತಂದ ದಿನ ಹಳೆಯ ವರ್ಷನ್ ತೆರೆದರೆ ಅಕ್ಷರವೆಲ್ಲ ಇರುವೆ ಸಾಲು. 3840 ಬೈ 2160 ಪಿಕ್ಸೆಲ್‌ನ ಪರದೆಯಲ್ಲಿ ಸದ್ದು ಏರಿಳಿಸುವ ಫೇಡರ್‌ನ ತಲೆ ಸಾಸಿವೆ ಕಾಳಿನಷ್ಟು. ಸಿಸ್ಟಮ್ ಕಡೆಯಿಂದ ಎರಡು ಪಟ್ಟು ಹಿಗ್ಗಿಸಿದೆ, ಎಲ್ಲ ಮಂಜು ಮಂಜು. ಎರಡು ವರ್ಷ ಮೂಗನ್ನು ಪರದೆಗೆ ತಾಗಿಸಿ ಮಿಕ್ಸ್ ಮಾಡಿದ್ದೇನೆ. ಕುತ್ತಿಗೆಗೆ ಪಟ್ಟಿ ಬಂತು. ಹೊಸದರಲ್ಲಿ ಎಲ್ಲವನ್ನೂ ಬೇಕಾದಷ್ಟು ದೊಡ್ಡದು ಮಾಡಬಹುದು. ಅಕ್ಷರ ಒಡೆಯುವುದಿಲ್ಲ.

ಶಾರ್ಟ್‌ಕಟ್ ಬಗ್ಗೆ ಇಷ್ಟು ಗೋಳು ಯಾಕೆ? ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ 46 ಶಾರ್ಟ್‌ಕಟ್‌ಗಳನ್ನು ಹಳೆಯ ರೀತಿಗೆ ತಿರುಗಿಸಿದೆ. ಒಂದು ಸಂಜೆಯ ಕೆಲಸ. ಮೂರು ವಾರಕ್ಕೆ ಕೈ ಕೂತಿತು. ಅಷ್ಟೂ ಮಾಡದೆ ಆರು ವರ್ಷ ಕೇಬಲ್ ಕಿತ್ತು ಕೂರುವುದಕ್ಕೆ ಅನುಭವ ಅನ್ನುವುದಿಲ್ಲ, ಹಟ ಅನ್ನುತ್ತಾರೆ.

ಕಿವಿಯೇಕಣ್ಣು:
ಮೇಡಂ, ನೀವು ಎಷ್ಟು ದೊಡ್ಡದು ಮಾಡಿದರೂ ನನಗೆ ಅಷ್ಟೇ. ನನಗೆ ಕಣ್ಣು ಕಾಣುವುದಿಲ್ಲ.

ಹಳೆಯ ವರ್ಷನ್‌ನಲ್ಲಿ ಸ್ಕ್ರೀನ್ ರೀಡರ್ ಎಲ್ಲವನ್ನೂ ಓದುತ್ತಿತ್ತು. "ಟ್ರ್ಯಾಕ್ 3, ಗಿಟಾರ್, ವಾಲ್ಯೂಮ್ ಮೈನಸ್ 6." ಏಳು ವರ್ಷ ಹಾಗೇ ಕೆಲಸ ಮಾಡಿದೆ. ಅಪ್‌ಡೇಟ್ ಆದ ಬೆಳಿಗ್ಗೆ ಟ್ಯಾಬ್ ಒತ್ತಿದರೆ "ಬಟನ್" ಅಂದಿತು. ಮತ್ತೆ ಒತ್ತಿದೆ, "ಬಟನ್". ಇಪ್ಪತ್ತೆರಡು ಸಲ ಒತ್ತಿದೆ, ಇಪ್ಪತ್ತೆರಡು "ಬಟನ್". ಚಂದ ಕಾಣಲಿ ಅಂತ ಎಲ್ಲವನ್ನೂ ತಾವೇ ಚಿತ್ರದಂತೆ ಬರೆದಿದ್ದಾರೆ, ಯಾವುದಕ್ಕೂ ಹೆಸರು ಕೊಟ್ಟಿಲ್ಲ. ಹೆಸರಿಲ್ಲದ್ದನ್ನು ರೀಡರ್ ಏನಂತ ಓದಬೇಕು? ಅವತ್ತು ಸಂಜೆ ಒಂದು ಜಾಹೀರಾತಿನ ಸಂಗೀತ ಕಳಿಸಬೇಕಿತ್ತು. ಕಳಿಸಲಾಗಲಿಲ್ಲ. ಆ ಗಿರಾಕಿ ಮತ್ತೆ ಬರಲಿಲ್ಲ.

ಈಗ ನಾನೂ ರೀಪರ್‌ನಲ್ಲಿದ್ದೇನೆ. ಒಸಾರಾ ಅಂತ ಒಂದು ಉಚಿತ ಎಕ್ಸ್‌ಟೆನ್ಶನ್ ಇದೆ, ಸ್ಕ್ರೀನ್ ರೀಡರ್ ಬಳಸುವವರಿಗೆ ಅಂತಲೇ ಮಾಡಿದ್ದು. ಆಟೋಮೇಶನ್ (ಹಾಡು ಓಡುತ್ತಿರುವಾಗ ವಾಲ್ಯೂಮ್ ಮುಂತಾದವು ತಾವೇ ಬದಲಾಗುವಂತೆ ಮಾಡುವುದು) ಬರೆಯುವುದು ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಒಂದು ಸಂಜೆಯಲ್ಲಿ ಆಗುವ ಕೆಲಸ ಎಲ್ಲರಿಗೂ ಒಂದೇ ಸಂಜೆಯಲ್ಲಿ ಆಗುವುದಿಲ್ಲ ಮೇಡಂ.

ಇರುವೆಸಾಲು:
ಅದು ನನಗೆ ಹೊಳೆದಿರಲಿಲ್ಲ. ನಿಮಗಾದದ್ದು ಅನ್ಯಾಯ. ಹಟದ ಮಾತು ಹಳೇಫೇಡರ್ ಅವರಿಗೆ ಹೇಳಿದ್ದು, ಅದು ಹಾಗೇ ಇರಲಿ.

ಮಂದ್ರ:
ಮುಖ, ಬಣ್ಣ, ಅಕ್ಷರ! ಸದ್ದಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? ಹೊಸ ವರ್ಷನ್‌ನ ಸದ್ದೇ ತೆಳು. ನಾನು ಇಪ್ಪತ್ತು ವರ್ಷದಿಂದ ಬಾಸ್ ನುಡಿಸುತ್ತೇನೆ, ಕಿವಿ ಸುಳ್ಳು ಹೇಳುವುದಿಲ್ಲ. ಹಳೆಯ ಹಾಡಿನ ಅದೇ ವೇವ್ ಫೈಲ್‌ಗಳನ್ನು ಹೊಸದರ ಖಾಲಿ ಪ್ರಾಜೆಕ್ಟ್‌ಗೆ ಎಳೆದು ಹಾಕಿದೆ. ಫೇಡರ್‌ಗಳೂ ಅಷ್ಟಷ್ಟೇ. ಬಾಸ್ ಒಳಗೆ ಹೋಯಿತು, ಗಾಯಕಿ ಎರಡು ಹೆಜ್ಜೆ ಹಿಂದೆ ನಿಂತಂತೆ. ಇಂಜಿನ್ ಬದಲಾಯಿಸಿ ಬಾಯಿ ಮುಚ್ಚಿಕೊಂಡಿದ್ದಾರೆ.

ಬಫರ್128:
ನಲ್ ಟೆಸ್ಟ್ ಮಾಡಿದಿರಾ? ಎರಡೂ ವರ್ಷನ್‌ನಿಂದ ಒಂದೊಂದು ವೇವ್ ತೆಗೆಯಿರಿ. ಒಂದರ ಕೆಳಗೆ ಒಂದು ಇಡಿ. ಒಂದರ ಪೋಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಪ್ಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಪೂರ್ತಿ ಮೌನ. ಬರೀ ಕೂಡುವ ಲೆಕ್ಕದಲ್ಲಿ ಅವರೇನು ತೆಳು ಮಾಡಲು ಸಾಧ್ಯ?

ಮಂದ್ರ:
ಮಾಡಿದೆ. ಮೌನ ಬರಲಿಲ್ಲ. ಈಗ ಏನಂತೀರಿ?

ಬಫರ್128:
ಕೋರಸ್, ಫೇಸರ್ ಥರ ಸದ್ದನ್ನು ತೇಲಾಡಿಸುವ ಎಫೆಕ್ಟ್ ಏನಾದರೂ ಇತ್ತಾ? ಕೆಲವು ಪ್ಲಗಿನ್ ಪ್ರತಿ ಸಲ ಬೇರೆ ಕಡೆಯಿಂದ ಸುತ್ತು ಶುರು ಮಾಡುತ್ತವೆ. ಅದೇ ವರ್ಷನ್‌ನಲ್ಲಿ ಎರಡು ಸಲ ತೆಗೆದರೂ ಮೌನ ಬರುವುದಿಲ್ಲ.

ಮಂದ್ರ:
ಎಲ್ಲ ಪ್ಲಗಿನ್ ತೆಗೆದು ಮತ್ತೆ ಮಾಡಿದೆ, ಊಟ ಬಿಟ್ಟು. ಡ್ರಮ್, ಕೀಬೋರ್ಡ್ ಎಲ್ಲ ಮಾಯವಾದವು. ಬಾಸ್ ಮತ್ತು ಗಾಯಕಿಯ ಧ್ವನಿ ಮಾತ್ರ ಪಕ್ಕದ ಕೋಣೆಯಿಂದ ಬಂದಂತೆ ಉಳಿದವು. ಸಾಕ್ಷಿ ಸಾಕಲ್ವಾ?

ಬಫರ್128:
ಬಾಸ್, ಧ್ವನಿ ಎರಡೂ ಮೊನೊ. ಎರಡೂ ನಡುವೆ ಇವೆ. ಮಾಯವಾದವು ಸ್ಟೀರಿಯೋ. ಇದು ಪ್ಯಾನ್ ಲಾ ಗುರೂ! ಮೇಲೆ ಇಷ್ಟುದ್ದ ಬರೆದಿದ್ದೇನೆ, ಓದಿಲ್ಲ. ಖಾಲಿ ಪ್ರಾಜೆಕ್ಟ್‌ನಲ್ಲಿ ಹೊಸ ಡೀಫಾಲ್ಟ್ ಕೂತಿದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಹಳೆಯದರಲ್ಲಿ ಎಷ್ಟಿದೆ, ಹೊಸದರಲ್ಲಿ ಎಷ್ಟಿದೆ ನೋಡಿ ಹೇಳಿ.

ಮಂದ್ರ:
ಪ್ಯಾನ್ ಲಾ ನನಗೆ ಹೇಳಿಕೊಡಬೇಡಿ. ಡೀಫಾಲ್ಟ್ ಬದಲಾಯಿಸಿದ್ದು ಯಾರು, ನಾನಾ? ಸದ್ದು ತೆಳು ಅಂದೆ, ತೆಳುವೇ ಆಗಿದೆ.

ಬಾಲಂಗೋಚಿ:
ಜಗಳದ ನಡುವೆ ಒಂದು ಮಾತು. ಇದು ಮೊದಲನೇ ಗೋಳೇನೂ ಅಲ್ಲ. 2002ರಲ್ಲಿ ಆ್ಯಪಲ್ ಎಮ್ಯಾಜಿಕ್ ಕಂಪನಿಯನ್ನು ಕೊಂಡಾಗ ಅವರ ಲಾಜಿಕ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ವಿಂಡೋಸ್ ವರ್ಷನ್ನೇ ನಿಂತುಹೋಯಿತು. ಅದನ್ನೇ ನಂಬಿದ್ದವರು ಕಂಪ್ಯೂಟರ್ ಬದಲಾಯಿಸಬೇಕು ಇಲ್ಲವೇ ಸಾಫ್ಟ್‌ವೇರ್ ಬದಲಾಯಿಸಬೇಕು. 2017ರಲ್ಲಿ ಗಿಬ್ಸನ್ ಕಂಪನಿ ಸೋನಾರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನ ಕೆಲಸ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಬಿಟ್ಟಿತು. ಇಲ್ಲಿ ಬಟನ್ ಬೂದಿಯಾಗಿದೆ, ಅಷ್ಟೇ.

ಸಾಫ್ಟ್‌ವೇರ್ ಬದಲಾಯಿಸುವವರಿಗೆ ಇನ್ನೊಂದು ದಾರಿ. 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು ಸೇರಿ ಡಾಪ್ರಾಜೆಕ್ಟ್ ಅನ್ನುವ ಓಪನ್ ಫಾರ್ಮ್ಯಾಟ್ ತಂದಿವೆ. ಟ್ರ್ಯಾಕ್, ಕ್ಲಿಪ್, ಆಟೋಮೇಶನ್ ಜೊತೆಗೇ ಹೋಗುತ್ತವೆ. ಎರಡೂ ಕಡೆ ಅದಕ್ಕೆ ಸಪೋರ್ಟ್ ಇರಬೇಕು. ಇದ್ದರೆ 41 ಸಂಜೆ ಬೇಕಾಗಿಲ್ಲ.

ಬಫರ್128:
ನಾನು ಬದಲಾಯಿಸಿದಾಗ ಅದು ಹುಟ್ಟಿರಲಿಲ್ಲ. ಈಗ ಹೇಳಿ ಹೊಟ್ಟೆ ಉರಿಸಬೇಡಿ.

ಹಳೇಫೇಡರ್:
"ಬಟನ್ ಬೂದಿಯಾಗಿದೆ, ಅಷ್ಟೇ" ಅನ್ನುವ ಮೊದಲು ಕಿವಿಯೇಕಣ್ಣು ಅವರು ಬರೆದದ್ದನ್ನು ಓದಿ ಸ್ವಾಮಿ.

ಬಾಲಂಗೋಚಿ:
ಓದಿದೆ. ತಪ್ಪಾಯಿತು. ಇಸವಿಗಳು ಮಾತ್ರ ಸರಿ ಇವೆ.

ಅರ್ಧಹಾಡು:
ಎಲ್ಲರಿಗೂ ಧನ್ಯವಾದ. ಐದನೇ ಹಾಡಿನ ಫೈಲ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇರಲಿ, ನಾನೇ ಹುಡುಕಿದೆ. ಆಟೋ ಬ್ಯಾಕಪ್ ಫೋಲ್ಡರ್‌ನಲ್ಲಿ ಅಪ್‌ಡೇಟ್‌ಗೆ ಹಿಂದಿನ ದಿನದ ಕಾಪಿ ಸಿಕ್ಕಿತು. ಕೊಳಲಿನ ಎರಡು ಟೇಕ್ ಮಾತ್ರ ಅದರ ನಂತರದ್ದು. ಅವು ಆಡಿಯೋ ಫೋಲ್ಡರ್‌ನಲ್ಲಿ ಹಾಗೇ ಬಿದ್ದಿದ್ದವು, ಎಳೆದು ಜಾಗಕ್ಕೆ ಇಟ್ಟೆ. ಆಲ್ಬಂ ಮುಗಿಯುವವರೆಗೆ ಹಳೆಯ ವರ್ಷನ್. ಶಿಫ್ಟ್-ಡಿ ಒತ್ತಿದರೆ ಕ್ಲಿಪ್ ಕಾಪಿ ಆಗುತ್ತಿದೆ, ನಾಳೆ ಗಾಯಕಿಯನ್ನು ಮತ್ತೆ ಕರೆದಿದ್ದೇನೆ. ಮುಗಿದ ನಾಲ್ಕು ಹಾಡನ್ನು ಈಗಲೇ ವೇವ್ ಮಾಡಿ ಇಡೋಣ ಅಂತಿದ್ದೇನೆ. ಒಂದು ಹಾಡಿನಲ್ಲಿ ನಡುವೆ ಟೆಂಪೋ ಏರಿಳಿಯುತ್ತದೆ, ಅದನ್ನು ಹೇಗೆ ತೆಗೆದಿಡುವುದು?

ಕಿವಿಯೇಕಣ್ಣು:
ಒಂದು ಮಿಡಿ ಫೈಲ್ (ಸದ್ದಲ್ಲ, ಸ್ವರ ಮತ್ತು ಟೆಂಪೋದ ಸೂಚನೆ ಮಾತ್ರ ಇರುವ ಫೈಲ್) ಎಕ್ಸ್‌ಪೋರ್ಟ್ ಮಾಡಿ ವೇವ್‌ಗಳ ಜೊತೆಗೇ ಇಡಿ. ಟೆಂಪೋ ಬದಲಾವಣೆ ಅದರೊಳಗೇ ಇರುತ್ತದೆ. ರಿವರ್ಬ್ ಇರುವ ಹಾಡಿಗೆ ಕೊನೆಯಲ್ಲಿ ಎಂಟು ಬಾರ್ ಜಾಸ್ತಿ ಬಿಡಿ. ಫೋಲ್ಡರ್ ಹೆಸರಿನಲ್ಲೇ 44.1 ಅಥವಾ 48 ಅಂತ ಬರೆಯಿರಿ.

ಹಳೇಫೇಡರ್:
ನೆಟ್ ಕೇಬಲ್ ಕಿತ್ತಿರಾ?

ಇರುವೆಸಾಲು:
ಶುರುವಾಯಿತು.

ಬಫರ್128:
ಮಂದ್ರ ಅವರು ಪ್ಯಾನ್ ಲಾ ಎರಡೂ ಕಡೆ ಎಷ್ಟಿತ್ತು ಅಂತ ಇನ್ನೂ ಹೇಳಿಲ್ಲ.

ಮಂದ್ರ:
ಹಳೆಯದರಲ್ಲಿ 0. ಹೊಸದರಲ್ಲಿ ಮೈನಸ್ 3. ಆದರೂ ತೆಳುವೇ.