ಪದಚರ್ಚೆ: ‘ಜಗ್ಗು’ ಅಂದರೆ ಬಿಗಿಯೋ ಸಡಿಲವೋ? ಜೊತೆಗೆ ಟಾರ್ಪಾಲು ಸೂರಿನ ಇನ್ನು ಕೆಲವು ಪದಗಳು

ಗೆಳೆಯರೇ,

ಮನೆಯಲ್ಲೇ ಹೊಲಿದುಕೊಳ್ಳಬಹುದಾದ ಹಗುರವಾದ ಟಾರ್ಪಾಲು ಸೂರಿನ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾಂಪಿಂಗ್ ಹೋಗುವವರು ಬೆನ್ನಚೀಲದಲ್ಲಿ ಹೊತ್ತುಕೊಂಡು ಹೋಗಿ, ಸಂಜೆ ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಹೊದಿಸಿ ಕೆಳಗೆ ಮಲಗುವಂಥದ್ದು. ಗೋಡೆ ಇಲ್ಲ, ನೆಲಹಾಸು ಇಲ್ಲ, ಜಿಪ್ ಇಲ್ಲ. ಅಳತೆ, ಹೊಲಿಗೆ ಎಲ್ಲ ಬರೆದಾಯಿತು. ಪದಗಳ ಹತ್ತಿರ ಮಾತ್ರ ಅಲ್ಲಲ್ಲಿ ನಿಂತುಬಿಟ್ಟಿದ್ದೇನೆ.

ದೊಡ್ಡ ತೊಡಕು ‘ಜಗ್ಗು’ ಅನ್ನುವ ಪದದ್ದು. ‘ಹಗ್ಗ ಜಗ್ಗಿ ಗೂಟಕ್ಕೆ ಕಟ್ಟಿ’ ಅಂದರೆ ಎಳೆದು ಬಿಗಿ ಮಾಡಿ ಅಂತ. ಹಗ್ಗಜಗ್ಗಾಟದ ಜಗ್ಗು ಇದು. ‘ಮಳೆ ಬಂದರೆ ಬಟ್ಟೆ ಜಗ್ಗುತ್ತದೆ’ ಅಂದರೆ ನಡುವೆ ಕೆಳಕ್ಕೆ ಇಳಿಯುತ್ತದೆ ಅಂತ. ಹಳೇ ಮಂಚ ಜಗ್ಗುತ್ತದಲ್ಲ, ಆ ಜಗ್ಗು. ‘ಯಾರ ಮಾತಿಗೂ ಜಗ್ಗಲಿಲ್ಲ’ ಅನ್ನುವಾಗಲೂ ಇದೇ, ಮಣಿಯಲಿಲ್ಲ ಅಂತ. ಹೀಗೆ ಎಳೆಯುವವನೂ ಜಗ್ಗುತ್ತಾನೆ, ಎಳೆತಕ್ಕೆ ಸೋತದ್ದೂ ಜಗ್ಗುತ್ತದೆ. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಕೈಪಿಡಿಯಲ್ಲಿ ‘ಜಗ್ಗಿದ ಹಗ್ಗವನ್ನು ಮತ್ತೆ ಜಗ್ಗಿ’ ಅಂತ ಬರೆದರೆ ಓದುವವರ ಗತಿ?

ಕರ್ಮಪದ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅಂತ ಸುಮ್ನೆ ಬಿಡಬಹುದು. ‘ಒಡೆ’ ಹಾಗೇ ಅಲ್ವಾ? ಅವನು ಮಡಕೆ ಒಡೆದ, ಮಡಕೆ ಒಡೆಯಿತು. ಆದರೆ ಅಲ್ಲಿ ಯಾರು ಮಾಡಿದರೂ ಕೊನೆಗೆ ಆಗುವುದು ಒಂದೇ, ಮಡಕೆ ಚೂರು. ‘ಜಗ್ಗು’ವಿನಲ್ಲಿ ಫಲವೇ ಉಲ್ಟಾ. ನಾನು ಹಗ್ಗ ಜಗ್ಗಿದರೆ ಅದು ಬಿಗಿ, ಹಗ್ಗ ತಾನೇ ಜಗ್ಗಿದರೆ ಸಡಿಲ. ಇಂಥ ಇನ್ನೊಂದು ಕ್ರಿಯಾಪದ ನನಗೆ ಹೊಳೆಯುತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಈ ಬಟ್ಟೆಯ ವಿಚಾರದಲ್ಲಿ ವ್ಯತ್ಯಾಸ ಕಾಣಿಸಲೇಬೇಕು. ಇಂಥ ಸೂರಿಗೆ ಜಾಸ್ತಿ ಬಳಸುವುದು ಸಿಲಿಕೋನ್ ಲೇಪದ ನೈಲಾನ್. 3 ಮೀಟರ್ ಉದ್ದ, 3 ಮೀಟರ್ ಅಗಲ ಅಂದರೆ 9 ಚದರ ಮೀಟರ್. ಚದರ ಮೀಟರಿಗೆ 50 ಗ್ರಾಂ ತೂಗುವ ಬಟ್ಟೆಯಾದರೆ ಇಡೀ ಸೂರು ಅರ್ಧ ಕಿಲೋ ಒಳಗೇ ಬಂತು. ಆದರೆ ನೈಲಾನ್ ನೀರು ಹೀರಿಕೊಂಡು ಹಿಗ್ಗುತ್ತದೆ. ಸಂಜೆ ತಮಟೆಯ ಹಾಗೆ ಬಿಗಿಯಾಗಿದ್ದದ್ದು, ಮಳೆಯಲ್ಲಿ ಒಂದು ತಾಸು ನೆನೆದರೆ ನಡು ಕೆಳಗಿಳಿದು ಮಲಗಿದವರ ಮುಖಕ್ಕೆ ತಾಗಲು ನೋಡುತ್ತದೆ. ಎದ್ದು ಹಗ್ಗಗಳನ್ನು ಮತ್ತೆ ಎಳೆಯಬೇಕು. ಪಾಲಿಯೆಸ್ಟರಿಗೆ ಈ ಚಾಳಿ ತುಂಬ ಕಡಿಮೆ. ಹತ್ತಿ, ಸೆಣಬಿನ ಹಗ್ಗದ ಕಥೆಯೇ ಬೇರೆ. ಅದು ನೆನೆದರೆ ಉಬ್ಬಿ, ಉದ್ದದಲ್ಲಿ ಕುಗ್ಗಿ, ಇನ್ನೂ ಬಿಗಿಯಾಗುತ್ತದೆ.

ಸದ್ಯಕ್ಕೆ ನಾನು ಹೀಗೆ ಹಂಚಿಕೊಂಡಿದ್ದೇನೆ: ನೂಲು ಹಿಗ್ಗುತ್ತದೆ, ಬಟ್ಟೆ ಜೋಲುತ್ತದೆ, ಹಗ್ಗ ಸಡಿಲವಾಗುತ್ತದೆ, ನಾವು ಎಳೆದು ಬಿಗಿಯುತ್ತೇವೆ. ‘ಜಗ್ಗು’ ಎಲ್ಲೂ ಇಲ್ಲ. ಗೊಂದಲವೂ ಇಲ್ಲ, ಆದರೆ ಅಷ್ಟು ಚೆನ್ನಾದ ಪದವನ್ನು ಹೊರಗೆ ಕೂರಿಸಿದ್ದು ಹೊಟ್ಟೆಗೆ ಹಾಕಿಕೊಳ್ಳಲು ಕಷ್ಟ. ಎರಡರಲ್ಲಿ ಒಂದೇ ಅರ್ಥದಲ್ಲಿ ‘ಜಗ್ಗು’ ಬಳಸುವವರು ಇಲ್ಲಿದ್ದೀರಾ? ಇನ್ನೊಂದು ಅರ್ಥಕ್ಕೆ ನೀವು ಏನು ಅನ್ನುತ್ತೀರಿ?

ಇನ್ನು ಇಡೀ ವಸ್ತುವಿಗೆ ಹೆಸರು. ಗುಡಾರ, ಡೇರೆ ಅಂದರೆ ನಾಲ್ಕು ಕಡೆ ಮುಚ್ಚಿದ್ದು ಕಣ್ಣಿಗೆ ಬರುತ್ತದೆ. ಚಪ್ಪರ ಮಟ್ಟಸ. ಜೋಪಡಿ ಅಂದರೆ ಬಾಳ್ವೆ ಮಾಡುವ ಜಾಗ. ‘ಮಾಡು’ ಸರಿಹೊಂದುತ್ತದೆ, ಆದರೆ ತಲೆಬರಹ ‘ಮಾಡು ಮಾಡುವುದು ಹೇಗೆ’ ಅಂತಾಗುತ್ತದೆ! ‘ತಲೆಮರೆ’ ಅಂತ ಒಬ್ಬರು ಸೂಚಿಸಿದರು. ಅದನ್ನು ಕೇಳಿದರೆ ಪೊಲೀಸರ ಕೈಗೆ ಸಿಗದೆ ಕೂತವರ ನೆನಪಾಗುತ್ತದೆ. ಹಾಗಾಗಿ ‘ಸೂರು’ ಅಂತ ಇಟ್ಟುಕೊಂಡೆ. ಇದರಲ್ಲೂ ಒಂದು ಇಕ್ಕಟ್ಟು ಇದೆ. ಮಾಡಿನ ಕೆಳ ಅಂಚೂ, ನೀರು ತೊಟ್ಟಿಕ್ಕುವ ಜಾಗವೂ ಸೂರೇ. ನನ್ನ ಬರಹದಲ್ಲಿ ಆ ಅಂಚನ್ನೂ ಹೆಸರಿಸಬೇಕಾಗುತ್ತದೆ. ಇಡೀ ವಸ್ತು ಸೂರು, ತುದಿ ‘ಸೂರಂಚು’ ಅಂದರೆ ಒಪ್ಪುತ್ತೀರಾ?

ಟಾರ್ಪಾಲು, ಟರ್ಪಾಲು, ತಾಡಪಾಲು, ತಾಡಪತ್ರಿ ಇವುಗಳಲ್ಲಿ ಯಾವುದು ಬರೆದರೂ ಅರ್ಥವಾಗುತ್ತದೆ. ಇಂಗ್ಲಿಷಿನ ಮೂಲ ಪದದಲ್ಲಿರುವುದು ನಮ್ಮ ಟಾರು ರಸ್ತೆಯ ಟಾರೇ. ಹಡಗಿನವರು ದಪ್ಪ ಬಟ್ಟೆಗೆ ಟಾರು ಬಳಿದು ನೀರು ಇಳಿಯದ ಹಾಗೆ ಮಾಡುತ್ತಿದ್ದರು. ‘ತಾಡಪತ್ರಿ’ ನೋಡಿದರೆ ತಾಳೆಗರಿಯಿಂದ ಬಂದ ಹಾಗಿದೆ. ನನಗೆ ಅನ್ನಿಸುವುದು, ಹೊರಗಿನ ಪದವೊಂದು ಜನರ ಬಾಯಲ್ಲಿ ಪರಿಚಯದ ಪದದ ವೇಷ ಹಾಕಿಕೊಂಡಿದೆ ಅಂತ. ಹಳೆಯ ಬರಹಗಳಲ್ಲಿ ಬಟ್ಟೆಯ ಅರ್ಥದಲ್ಲಿ ‘ತಾಡಪತ್ರಿ’ ಕಂಡವರು ಇದ್ದರೆ ಅದು ತಿಳಿದೀತು.

ಮುಂದಿನದು ಬೆನ್ನು. ಮೇಲೆ ಎರಡು ಇಳಿಜಾರು ಸೇರುವ ಗೆರೆಯನ್ನು ‘ಬೆನ್ನು’ ಎಂದೂ, ಅದರ ಕೆಳಗೆ ಮರದಿಂದ ಮರಕ್ಕೆ ಹೋಗುವ ಹಗ್ಗವನ್ನು ‘ಬೆನ್ನುಹಗ್ಗ’ ಎಂದೂ ಕರೆದಿದ್ದೇನೆ. ಇದು ಹೇಗೋ ನಡೆದೀತು. ಕಷ್ಟ ಇರುವುದು ಬೆನ್ನಿನ ಕತ್ತರಿಕೆಯಲ್ಲಿ. ಬೆನ್ನನ್ನು ನೇರ ಕತ್ತರಿಸಿದರೆ ಎಷ್ಟು ಎಳೆದರೂ ನಡುವೆ ನೆರಿಗೆ ಬೀಳುತ್ತದೆ. ಅದಕ್ಕೇ ನಡುವೆ ಸ್ವಲ್ಪ ಕೆಳಕ್ಕೆ ಬಾಗಿದ ಗೆರೆಯಲ್ಲಿ ಕತ್ತರಿಸುತ್ತಾರೆ. ಆ ಬಾಗು ಯಾವುದೆಂದರೆ, ಸರಪಳಿಯ ಎರಡು ತುದಿ ಹಿಡಿದು ತೂಗುಬಿಟ್ಟಾಗ ಅದು ತಾನಾಗಿ ತಾಳುವ ಆಕಾರ. 1691ರಲ್ಲಿ ಲೈಬ್ನಿಟ್ಸ್, ಹೈಗೆನ್ಸ್, ಯೋಹಾನ್ ಬೆರ್ನೌಲಿ ಇದರ ಗಣಿತವನ್ನು ಬಿಡಿಸಿದರು. ಹೊಲಿಯುವವರಿಗೆ ಆ ಗಣಿತ ಬೇಡ. ಗೋಡೆಗೆ 3 ಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು, ತೆಳು ಸರಪಳಿ ನೇತುಹಾಕಿ, ನಡು 10 ಸೆಂಟಿಮೀಟರ್ ಆಸುಪಾಸು ಇಳಿಯುವಂತೆ ಸರಿಮಾಡಿ, ಹಿಂದೆ ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಮುಗಿಯಿತು. ಹೆಸರು ‘ಸರಪಳಿ ಬಾಗು’ ಅನ್ನಲೋ ‘ತೂಗುಬಾಗು’ ಅನ್ನಲೋ? ನನ್ನ ಒಲವು ಮೊದಲನೆಯದಕ್ಕೆ. ಹೇಗೆ ಬರೆಯಬೇಕು ಅನ್ನುವುದನ್ನು ಹೆಸರೇ ಹೇಳಿಬಿಡುತ್ತದೆ.

ಗೂಟ, ಕುಣಿಕೆ, ಅಂಚು ಮಡಿಕೆ ಇವಕ್ಕೆಲ್ಲ ಪದ ಹುಡುಕುವ ಕೆಲಸವೇ ಇಲ್ಲ. ಗಂಟಿನಲ್ಲಿ ಮಾತ್ರ ಒಂದು ಬಾಕಿ. ಎಳೆದಷ್ಟೂ ಬಿಗಿಯುವುದು ಜೀರುಗುಣಿಕೆ, ಅದು ಎಲ್ಲರಿಗೂ ಗೊತ್ತು. ಇಲ್ಲಿ ಬೇಕಾದ ಗಂಟು ಬೇರೆ. ಕೈಯಲ್ಲಿ ಹಿಡಿದು ತಳ್ಳಿದರೆ ಹಗ್ಗದ ಮೇಲೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ‘ಜಾರುಗಂಟು’ ಅಂದರೆ ಓದುಗರು ನಂಬಿ ಮಲಗುವುದಿಲ್ಲ. ‘ಸರಿಗಂಟು’ ಅಂದರೆ ಉಳಿದ ಗಂಟೆಲ್ಲ ತಪ್ಪು ಅಂದಂತಾಗುತ್ತದೆ. ‘ಕಚ್ಚುಗಂಟು’ ಹೇಗೆ?

ಕೊನೆಯದು ದರ್ಜಿ ಕೆಲಸ ಬಲ್ಲವರಿಗೆ. ಬೆನ್ನಿನಲ್ಲಿ ಎರಡು ತುಂಡು ಸೇರಿಸುವಾಗ ಒಂದರ ಅಂಚನ್ನು ಇನ್ನೊಂದರೊಳಗೆ ಮಡಚಿ, ಚಪ್ಪಟೆ ಮಾಡಿ, ಎರಡು ಸಾಲು ಹೊಲಿಯುತ್ತಾರಲ್ಲ, ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಇರುತ್ತದೆ. ಕತ್ತರಿಸಿದ ಅಂಚು ಒಳಗೇ ಉಳಿಯುವುದರಿಂದ ಎಳೆ ಬಿಚ್ಚುವುದಿಲ್ಲ. ಸೂಜಿಯ ತೂತುಗಳ ಮೇಲೆ ಆಮೇಲೆ ಸಿಲಿಕೋನ್ ಮೆತ್ತಬೇಕು. ಸಿಲಿಕೋನ್ ಬಟ್ಟೆಗೆ ಬೇರೆ ಅಂಟು ಹಿಡಿಯುವುದಿಲ್ಲ. ನಾನು ‘ಜೀನ್ಸ್ ಹೊಲಿಗೆ’ ಅಂತ ಬರೆದಿದ್ದೇನೆ. ಹೊಲಿಗೆ ಯಂತ್ರದ ಮುಂದೆ ಕೂರುವವರು ಇದಕ್ಕೆ ನಿಜವಾಗಿ ಏನು ಅನ್ನುತ್ತಾರೆ?