ಪಿಯಾನೋ–ಡ್ರಮ್ಸ್ ಜೋಡಿಯ ಆಲ್ಬಮ್‌ಗೆ ವಿಮರ್ಶೆ ಬರೆಯೋದು ಹೇಗೆ? ಬಲ್ಲವರು ಹೇಳಿ

ಪ್ರಶ್ನೆ

ಇಬ್ಬರೇ ಇರುವ ತಂಡ. ಒಬ್ಬರು ಪಿಯಾನೋ, ಇನ್ನೊಬ್ಬರು ಡ್ರಮ್ಸ್. ಬಾಸ್ ಇಲ್ಲ, ಗಿಟಾರ್ ಇಲ್ಲ, ಎರಡು ಟ್ರ್ಯಾಕ್ ಬಿಟ್ಟರೆ ಹಾಡುವವರೂ ಇಲ್ಲ. 9 ಟ್ರ್ಯಾಕ್, 42 ನಿಮಿಷ. ಕೆಲವು ಕಡೆ ಪಿಯಾನೋ ಪಿಯಾನೋದಂತೆಯೇ ಕೇಳಿಸುವುದಿಲ್ಲ. ತಗಡು ಬಡಿದ ಹಾಗೆ, ಮರ ತಟ್ಟಿದ ಹಾಗೆ ಇದೆ. 700 ಪದಗಳ ವಿಮರ್ಶೆ ಬೇಕು. ಮೊದಲ ಕರಡಿನಲ್ಲಿ ಬಂದದ್ದು ಹೀಗೆ: "ಇಬ್ಬರ ನಡುವೆ ಅದ್ಭುತ ಸಂವಾದ, ಶಕ್ತಿಯುತ ಲಯ, ಬಾಸ್ ಇಲ್ಲದ ಕೊರತೆ ಕಾಣುವುದಿಲ್ಲ." ಇದು ಯಾವ ಆಲ್ಬಮ್‌ಗೆ ಬೇಕಾದರೂ ಅಂಟಿಸಬಹುದಾದ ಮಾತು. ಏನನ್ನು ಕೇಳಿಸಿಕೊಳ್ಳಬೇಕು, ಯಾವ ಕ್ರಮದಲ್ಲಿ, ತಪ್ಪುವುದು ಎಲ್ಲಿ?

ಪಿಯಾನೋ ನುಡಿಸುವವರೊಬ್ಬರ ಉತ್ತರ

"ಬಾಸ್ ಇಲ್ಲದ ಕೊರತೆ ಕಾಣುವುದಿಲ್ಲ" ಅನ್ನುವ ಸಾಲನ್ನು ಮೊದಲು ಹೊಡೆದು ಹಾಕಿ. ಅದರ ಜಾಗದಲ್ಲಿ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಟ್ರ್ಯಾಕ್‌ನಲ್ಲಿ ಬಾಸ್‌ನ ಕೆಲಸ, ಅಂದರೆ ಕೆಳಗಿನ ಸ್ವರಗಳ ಆಧಾರ, ಯಾರ ಕೈಯಲ್ಲಿದೆ? ಒಂಬತ್ತೂ ಟ್ರ್ಯಾಕ್‌ಗೆ ಒಂದೊಂದು ಸಾಲಿನ ಉತ್ತರ ಬರೆದುಕೊಂಡರೆ ವಿಮರ್ಶೆಯ ಅರ್ಧ ಬೆನ್ನೆಲುಬು ಸಿಕ್ಕ ಹಾಗೆ.

ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಬಾಸ್ ಗಿಟಾರ್‌ನ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಲೆಕ್ಕಕ್ಕೆ ನೋಡಿದರೆ ಪಿಯಾನೋ ಇನ್ನೂ ಕೆಳಗೆ ಇಳಿಯುತ್ತದೆ. ಆದರೂ ಬಾಸ್‌ನ ಹಾಗೆ ತುಂಬಿಕೊಳ್ಳುವುದಿಲ್ಲ. ಕೆಳಗಿನ ತಂತಿಗಳಲ್ಲಿ ಮೂಲ ಸ್ವರ ಕ್ಷೀಣ, ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಅದರ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳು. ಜೊತೆಗೆ ಸುತ್ತಿಗೆ ಬಿದ್ದ ಗಳಿಗೆಯಿಂದಲೇ ನಾದ ಕರಗಲು ಶುರು. ಹಾಗಾಗಿ ಎಡಗೈಗೆ ಇರುವ ದಾರಿಗಳು ಕೆಲವೇ. ಒಂದು ಸಣ್ಣ ತುಣುಕನ್ನು ಬಿಡದೆ ತಿರುಗಿಸುವುದು. ಅಷ್ಟಕ, ಅಂದರೆ ಒಂದು ಸ್ವರವನ್ನೂ ಮುಂದಿನ ಸ್ಥಾಯಿಯ ಅದೇ ಸ್ವರವನ್ನೂ, ಜೋಡಿಸಿ ಬಾರಿಸುವುದು. ಕೆಳಗೊಂದು ಸ್ವರ, ನಡುವೆ ಒಂದು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗುಚ್ಛ) ಎಂದು ಜಿಗಿಯುವ ಸ್ಟ್ರೈಡ್. ಇಲ್ಲವೇ ಕೆಳಗಿನ ಜಾಗವನ್ನು ಬೇಕೆಂದೇ ಖಾಲಿ ಬಿಡುವುದು. ಈ ಕೊನೆಯದು ಗುರುತಿಸಲು ಕಷ್ಟ, ಆದರೆ ಇಂಥ ಜೋಡಿಯ ಧೈರ್ಯ ಹೆಚ್ಚಾಗಿ ಗೊತ್ತಾಗುವುದೇ ಅಲ್ಲಿ.

ಬೆರಳು ಎತ್ತಿದ ಮೇಲೂ ತಂತಿಗಳನ್ನು ನುಡಿಯಲು ಬಿಡುವ ಬಲ ಪೆಡಲ್ ಮೇಲೂ ಕಿವಿ ಇರಲಿ. ಬಾಸ್ ಇಲ್ಲವೆಂದು ಪೆಡಲನ್ನು ಒತ್ತಿಯೇ ಇಟ್ಟರೆ ಖಾಲಿ ಜಾಗವೇನೋ ತುಂಬುತ್ತದೆ, ಆದರೆ ಕಾರ್ಡ್‌ಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ. ಕಾರ್ಡ್ ಬದಲಾದ ಕೂಡಲೇ ಹಿಂದಿನ ನಾದ ಕತ್ತರಿಸಿದ ಹಾಗೆ ನಿಂತಿತೋ, ಹೊಸದರ ಕೆಳಗೆ ಒಂದಿಷ್ಟು ಹೊತ್ತು ಹರಿಯಿತೋ ನೋಡಿ. ಎರಡನೆಯದು ಪ್ರತಿ ಟ್ರ್ಯಾಕ್‌ನಲ್ಲೂ ಇದ್ದರೆ ಅದು ಅಭ್ಯಾಸ. ಒಂದೆರಡು ಕಡೆ ಮಾತ್ರ ಇದ್ದರೆ ಅದು ಆಯ್ಕೆ. ವಿಮರ್ಶೆಯಲ್ಲಿ ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳಬೇಡಿ.

ಡ್ರಮ್ಸ್ ಕಡೆಯವರೊಬ್ಬರು

ಮೇಲಿನವರು ಎಡಗೈ ಹಿಡಿದರು, ಇಲ್ಲಿ ಕಿಕ್ ಡ್ರಮ್ಮನ್ನು ಬಾರಿಸುವ ಬಲಗಾಲು. ಕಿಕ್ ಡ್ರಮ್‌ನ ತೂಕ ಸಾಮಾನ್ಯವಾಗಿ 50ರಿಂದ 100 ಹರ್ಟ್ಸ್ ನಡುವೆ ಇರುತ್ತದೆ. ಪಿಯಾನೋದ ಕೆಳಗಿನ ಒಂದೂವರೆ ಅಷ್ಟಕವೂ ಹೆಚ್ಚುಕಡಿಮೆ ಅದೇ ಬೀದಿಯಲ್ಲಿ. ಇಬ್ಬರೂ ಒಟ್ಟಿಗೆ ಇಳಿದರೆ ಒಂದು ಇನ್ನೊಂದನ್ನು ನುಂಗುತ್ತದೆ. ಪಳಗಿದ ಜೋಡಿ ಇದನ್ನು ಬಿಡಿಸಿಕೊಳ್ಳುವ ರೀತಿ ಕಿವಿಗೆ ಸಿಗುತ್ತದೆ: ಎಡಗೈ ಒಂದು ಅಷ್ಟಕ ಮೇಲೆ ಸರಿಯುತ್ತದೆ, ಇಲ್ಲವೇ ಕಿಕ್ಕನ್ನು ಕೇಳಿಯೂ ಕೇಳದಷ್ಟು ಹಗುರವಾಗಿ ಒತ್ತುತ್ತಾರೆ, ಇಲ್ಲವೇ ಕಿಕ್ ಬೀಳುವ ಜಾಗ ಮತ್ತು ಎಡಗೈ ಬೀಳುವ ಜಾಗ ಹಲ್ಲಿಗೆ ಹಲ್ಲು ಕೂತಂತೆ ಬೇರೆಬೇರೆ ಇರುತ್ತವೆ. ಯಾವುದೆಂದು ಬರೆಯಿರಿ.

ಕೈಯಲ್ಲಿ ಏನಿದೆ ಎಂಬುದೂ ಮುಖ್ಯ. ಕಡ್ಡಿಯೋ, ಬ್ರಷ್ಷೋ, ತುದಿಗೆ ಉಣ್ಣೆ ಸುತ್ತಿದ ಮ್ಯಾಲೆಟ್ಟೋ? ಬ್ರಷ್ಷಾದರೆ ಸ್ನೇರ್ (ಅಡಿಗೆ ತಂತಿ ಬಿಗಿದ ಚಿಕ್ಕ ಡ್ರಮ್) ಮೇಲೆ ಸವರುವ ಸದ್ದು ಎಳೆಯಾಗಿ ನಿಂತಿರುತ್ತದೆ. ಪಿಯಾನೋದಿಂದ ಆಗದ ಕೆಲಸ ಅದು, ಏರಿಳಿತವಿಲ್ಲದೆ ನಾದವನ್ನು ಹಿಡಿದಿಡುವುದು. ಇನ್ನು ರೈಡ್ ಸಿಂಬಲ್ (ದೊಡ್ಡ ಲೋಹದ ತಟ್ಟೆ) ಹೆಚ್ಚು ಹೊಯ್ದರೆ ಪಿಯಾನೋದ ಮೇಲಿನ ಸ್ಥಾಯಿಯ ಹೊಳಪು ಮುಚ್ಚಿಹೋಗುತ್ತದೆ. ಬಲಗೈ ಮೇಲಕ್ಕೆ ಏರುವ ಹೊತ್ತಿಗೆ ಡ್ರಮ್ಮರ್ ರೈಡ್ ಬಿಟ್ಟು ಜೋಡಿ ತಟ್ಟೆಯ ಹೈ-ಹ್ಯಾಟ್‌ಗೋ ಸ್ನೇರ್‌ನ ಅಂಚಿಗೋ ಹೋದರೆ, "ಸಂವಾದ" ಎನ್ನುತ್ತೀರಲ್ಲ, ಅದಕ್ಕೆ ಅದೇ ಪುರಾವೆ. ಪುರಾವೆ ಕೊಟ್ಟರೆ ಆ ಪದವೇ ಬೇಡ.

ವೇಗ ಅಳೆಯಲು ಯಂತ್ರ ಬೇಕಿಲ್ಲ. ನಾಲ್ಕರ ನಡೆಯಾದರೆ 16 ಆವರ್ತ ಎಣಿಸಿ, ಸೆಕೆಂಡ್ ನೋಡಿಕೊಳ್ಳಿ. 3840ನ್ನು ಆ ಸೆಕೆಂಡ್‌ಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಬರುತ್ತದೆ. 32 ಸೆಕೆಂಡಾದರೆ 120, 30 ಆದರೆ 128. ಟ್ರ್ಯಾಕ್‌ನ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಳೆಯಿರಿ. ಕ್ಲಿಕ್ (ಕಿವಿಯಲ್ಲಿ ಲಯ ಎಣಿಸುವ ಯಂತ್ರದ ಸದ್ದು) ಇಲ್ಲದೆ ನುಡಿಸಿದವರಲ್ಲಿ ನಾಲ್ಕೈದು ಬಡಿತ ಹೆಚ್ಚುಕಡಿಮೆ ಆಗುವುದು ಸಹಜ, ಅದನ್ನು ದೋಷ ಎನ್ನಬೇಡಿ. ಇಬ್ಬರೂ ಒಟ್ಟಿಗೆ ಏರಿದರೆ ಸರಿ. ಒಬ್ಬರು ಎಳೆದು ಇನ್ನೊಬ್ಬರು ತಡೆಯುತ್ತಿದ್ದರೆ ಆ ಜಗ್ಗಾಟವೇ ಬರೆಯಬೇಕಾದ ವಿಷಯ.

ತಾಳ ಬಲ್ಲವರ ಸಣ್ಣ ತಿದ್ದುಪಡಿ

ಏಳರ ನಡೆ ಕಂಡ ತಕ್ಷಣ ಕರ್ನಾಟಕ ಸಂಗೀತದ "ಮಿಶ್ರ ಛಾಪು" ಎಂದು ಬರೆದುಬಿಡುತ್ತೇವೆ. ಓದುಗರಿಗೆ ಬೇಗ ತಲುಪುತ್ತದೆ ನಿಜ. ಆದರೆ ಮಿಶ್ರ ಛಾಪು 3+4. ಡ್ರಮ್ಸ್‌ನಲ್ಲಿ ಏಳು ಎಷ್ಟೋ ಸಲ 2+2+3 ಆಗಿ ಬರುತ್ತದೆ, ಒತ್ತು ಬೀಳುವ ಜಾಗ ಬೇರೆ. ಕಿಕ್ ಮತ್ತು ಸ್ನೇರ್ ಎಲ್ಲಿ ಬೀಳುತ್ತವೆ ಎಂದು ಕೈತಾಳ ಹಾಕಿ ನೋಡಿ, ಆಮೇಲೆ ಹೆಸರಿಡಿ. ಐದರಲ್ಲೂ ಹೀಗೆಯೇ: ಖಂಡ ಛಾಪು 2+3, ಇಲ್ಲಿ 3+2 ಇರಬಹುದು. ಬಲಗೈ ಮೂರರಲ್ಲಿ, ಡ್ರಮ್ಸ್ ನಾಲ್ಕರಲ್ಲಿ ಹೋಗುತ್ತಿದ್ದರೆ ಎರಡೂ ಮತ್ತೆ ಸಮದಲ್ಲಿ ಕೂಡುವುದು 12ನೆಯ ಎಣಿಕೆ ಮುಗಿದ ಮೇಲೆ. ಕೂಡುವ ಆ ಕ್ಷಣವನ್ನು ಒತ್ತಿ ಹೇಳಿದ್ದಾರೋ, ಗೊತ್ತಾಗದಂತೆ ದಾಟಿದ್ದಾರೋ? ಇದೊಂದು ಸಾಲು ಇಡೀ ಜೋಡಿಯ ಸ್ವಭಾವ ಹೇಳುತ್ತದೆ.

ರೆಕಾರ್ಡಿಂಗ್ ಕೆಲಸದವರು

ಫೋನ್ ಸ್ಪೀಕರ್‌ನಲ್ಲಿ ಕೇಳಿ "ಕೆಳಭಾಗ ತೆಳು" ಎಂದು ಬರೆಯುವುದು ದೊಡ್ಡ ಅನ್ಯಾಯ. ಅಲ್ಲಿ ಕಿಕ್ ಮತ್ತು ಎಡಗೈಯ ಮೂಲ ಸ್ವರಗಳು ಬರುವುದೇ ಇಲ್ಲ. ಒಂದು ಸಲ ಹೆಡ್‌ಫೋನ್, ಒಂದು ಸಲ ಕೋಣೆಯ ಸ್ಪೀಕರ್, ಎರಡೂ ಆಗಲೇಬೇಕು.

ಸ್ಟ್ರೀಮಿಂಗ್ ಆಪ್‌ನಲ್ಲಿ ಸದ್ದಿನ ಮಟ್ಟವನ್ನು ತಾನೇ ಸರಿದೂಗಿಸುವ ಸೌಲಭ್ಯ ಇರುತ್ತದೆ. ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೇಳುವಾಗ ಅದನ್ನು ತೆಗೆದಿಡಿ. ಮೆಲ್ಲನೆಯ ಟ್ರ್ಯಾಕ್ ಮೆಲ್ಲಗೇ, ಜೋರಿನದು ಜೋರಾಗಿಯೇ ಕೇಳಬೇಕು. ಬೇರೆ ಆಲ್ಬಮ್ ಜೊತೆ ಹೋಲಿಸುವಾಗ ಹಾಕಿಕೊಳ್ಳಿ. ಇಲ್ಲದಿದ್ದರೆ ಒಂಚೂರು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಕಿವಿಯ ಗುಣವೇ ಹಾಗೆ.

ಹೆಡ್‌ಫೋನ್‌ನಲ್ಲಿ ಯಾವುದು ಯಾವ ಕಡೆ ಇದೆ ಎಂದು ಬರೆದುಕೊಳ್ಳಿ. ಪಿಯಾನೋದ ಕೆಳಸ್ಥಾಯಿ ಎಡಕ್ಕೆ, ಮೇಲ್ಸ್ಥಾಯಿ ಬಲಕ್ಕೆ ಇದ್ದರೆ ನುಡಿಸುವವರ ಜಾಗದಲ್ಲಿ ನಮ್ಮನ್ನು ಕೂರಿಸಿದ್ದಾರೆ. ಬಲಗೈ ಡ್ರಮ್ಮರ್‌ನ ಹೈ-ಹ್ಯಾಟ್ ಎಡಕ್ಕೆ ಕೇಳಿಸಿದರೆ ಅದು ಡ್ರಮ್ಮರ್‌ನ ಜಾಗ, ಬಲಕ್ಕೆ ಕೇಳಿಸಿದರೆ ಸಭಿಕರ ಜಾಗ. ಎರಡೂ ವಾದ್ಯ ಪೂರ್ತಿ ಅಗಲಕ್ಕೆ ಹರಡಿದ್ದರೆ ಯಾರು ಎಲ್ಲಿದ್ದಾರೆಂದೇ ತಿಳಿಯದೆ ಎಲ್ಲವೂ ಕಲಸಿಹೋಗುತ್ತದೆ. ಇಬ್ಬರೇ ಇರುವ ಆಲ್ಬಮ್‌ನಲ್ಲಿ ಇದು ದೊಡ್ಡ ಸೋಲು, ಹೇಳಲು ಹಿಂಜರಿಯಬೇಡಿ.

ಇನ್ನೊಂದು. ಪಿಯಾನೋ ನುಡಿಯುವಾಗ ಹಿಂದೆ "ಸರ್‌ರ್" ಎಂದು ಸಣ್ಣಗೆ ನಡುಗುವ ಸದ್ದು ಕೇಳಿದರೆ ತಕ್ಷಣ ರೆಕಾರ್ಡಿಂಗ್ ಒಡೆದಿದೆ ಎಂದು ಬರೆಯಬೇಡಿ. ಸ್ನೇರ್‌ನ ಅಡಿಗೆ ಬಿಗಿದ ತಂತಿಗಳು ಪಿಯಾನೋದ ಕೆಲವು ಸ್ವರಗಳಿಗೆ ತಾವೇ ಮಿಡಿಯುತ್ತವೆ. ಸಾಮಾನ್ಯವಾಗಿ ಹೀಗಾಗುವುದು 200 ಹರ್ಟ್ಸ್ ಆಸುಪಾಸಿನಲ್ಲಿ, ನಡು ಸಿ ಕೀಲಿಗಿಂತ ಸ್ವಲ್ಪ ಕೆಳಗೆ. ಚರ್ಮ ಎಷ್ಟು ಬಿಗಿದಿದೆ ಎಂಬುದರ ಮೇಲೆ ಜಾಗ ಬದಲಾಗುತ್ತದೆ. ಪತ್ತೆ ಹಚ್ಚುವುದು ಸುಲಭ: ಕೆಲವೇ ಸ್ವರಕ್ಕೆ ಬಂದು ಉಳಿದವಕ್ಕೆ ಬಾರದಿದ್ದರೆ ಸ್ನೇರ್. ಸ್ವರ ಯಾವುದಾದರೂ ಜೋರಾದಾಗಲೆಲ್ಲ ಬಂದರೆ ರೆಕಾರ್ಡಿಂಗ್ ಒಡೆದಿರುವುದು. ಇದರ ತಿರುಗುಮುರುಗೂ ಉಂಟು. ಬಲ ಪೆಡಲ್ ಒತ್ತಿದ್ದಾಗ ಡ್ರಮ್ಸ್ ಒಂದು ಏಟು ಹಾಕಿದರೆ ಯಾರೂ ಮುಟ್ಟದ ಪಿಯಾನೋ ತಂತಿಗಳು ಗುಂಯ್ ಎನ್ನುತ್ತವೆ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದಕ್ಕೆ ಇದಕ್ಕಿಂತ ಚಂದದ ಗುರುತು ಇಲ್ಲ.

"ತಗಡು, ಮರ" ಸದ್ದಿನ ಬಗ್ಗೆ

ಅದು ಬಹುಶಃ ಪ್ರಿಪೇರ್ಡ್ ಪಿಯಾನೋ, ಅಂದರೆ ತಂತಿಗಳ ನಡುವೆ ವಸ್ತು ಸಿಕ್ಕಿಸಿ ನಾದ ಬದಲಿಸಿದ ಪಿಯಾನೋ. ಇದನ್ನು ಪ್ರಸಿದ್ಧಗೊಳಿಸಿದವರು ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್. 1946ರಿಂದ 48ರ ನಡುವೆ ಅವರು ರಚಿಸಿದ ಒಂದು ಮಾಲೆಗೆ 45 ಸ್ವರಗಳನ್ನು ಹೀಗೆ ಸಜ್ಜು ಮಾಡಬೇಕು. ಬರೆಯುವಾಗ "ವಿಚಿತ್ರ ಸದ್ದು" ಎನ್ನದೆ ಇಷ್ಟನ್ನು ಗುರುತಿಸಿ. ಗಂಟೆ ಅಥವಾ ಜಾಗಟೆಯ ಹಾಗೆ ಕೇಳಿ ಸ್ವರವೇ ವಾರೆಯಾದರೆ ಸ್ಕ್ರೂ, ಬೋಲ್ಟ್. ಮರ ತಟ್ಟಿದ ಹಾಗೆ ಮೊಂಡಾಗಿ ಬೇಗ ನಿಂತರೆ ರಬ್ಬರ್ ಅಥವಾ ಫೆಲ್ಟ್. ಜರಿಜರಿ ಎಂದರೆ ತಂತಿಯ ಮೇಲೆ ಕಾಗದವೋ ತೆಳುವಾದ ಸರಪಳಿಯೋ. ಸ್ವರ ಸರಿಯಾಗಿದ್ದು ಉಸಿರು ಮಾತ್ರ ಕಟ್ಟಿದ ಹಾಗಿದ್ದರೆ ಒಂದು ಕೈ ಒಳಗೆ ಹೋಗಿ ತಂತಿ ಅದುಮಿದೆ. ಖಚಿತವಾಗದಿದ್ದರೆ ಕವರ್‌ನ ಒಳಪುಟ ನೋಡಿ, ಅಲ್ಲೂ ಇಲ್ಲದಿದ್ದರೆ ಕೇಳಿದ ಸದ್ದನ್ನಷ್ಟೇ ಬರೆಯಿರಿ, ವಸ್ತುವಿನ ಹೆಸರು ಬೇಡ.

ಆಮೇಲೆ ನಿಜವಾದ ಪ್ರಶ್ನೆ: ಪಿಯಾನೋ ಹೀಗೆ ತಾಳವಾದ್ಯವಾದಾಗ ಡ್ರಮ್ಸ್ ಏನು ಮಾಡಿತು? ಅದೂ ಬಡಿಯುತ್ತಲೇ ಇದ್ದರೆ ಇಬ್ಬರು ಡ್ರಮ್ಮರ್‌ಗಳಾದರು. ಟಾಮ್‌ಗಳನ್ನು (ಕಿಕ್, ಸ್ನೇರ್ ಬಿಟ್ಟು ಉಳಿದ ಡ್ರಮ್‌ಗಳನ್ನು) ಸ್ವರಕ್ಕೆ ಬಿಗಿದು ರಾಗದ ಕೆಲಸ ಎತ್ತಿಕೊಂಡಿದ್ದರೆ ಜಾಗ ಅದಲುಬದಲಾಯಿತು.

ಪುಟ ತಿದ್ದುವವರೊಬ್ಬರು

ಇಷ್ಟೆಲ್ಲ ಟಿಪ್ಪಣಿ ಕೈಯಲ್ಲಿದ್ದರೂ ಬರವಣಿಗೆ ಕೆಡುವುದು ಎಲ್ಲವನ್ನೂ ತುಂಬಲು ಹೋದಾಗ. 700 ಪದದಲ್ಲಿ ಒಂಬತ್ತು ಟ್ರ್ಯಾಕ್‌ಗೂ ಒಂದೊಂದು ಪ್ಯಾರಾ ಕೊಟ್ಟರೆ ಅದು ಪಟ್ಟಿ. ಎರಡು ಟ್ರ್ಯಾಕ್ ಆರಿಸಿ ತಲಾ 150 ಪದ ಕೊಡಿ, ಒಂದು ಗೆದ್ದದ್ದು, ಒಂದು ಎಡವಿದ್ದು. ಉಳಿದವು ಅರ್ಧ ಸಾಲಿನಲ್ಲಿ ಬಂದರೆ ಸಾಕು, ಕೆಲವು ಬರದಿದ್ದರೂ ಸರಿ.

ಮಾದರಿಗೆ ಒಂದು ಕಲ್ಪಿತ ಟ್ರ್ಯಾಕ್. ಕರಡಿನ ಸಾಲು: "ನಾಲ್ಕನೆಯ ಟ್ರ್ಯಾಕ್‌ನಲ್ಲಿ ಇಬ್ಬರೂ ಮಾಂತ್ರಿಕವಾಗಿ ಒಂದಾಗುತ್ತಾರೆ." ತಿದ್ದಿದ ಮೇಲೆ: "ನಾಲ್ಕನೆಯ ಟ್ರ್ಯಾಕ್‌ನಲ್ಲಿ ಎಡಗೈ ಐದು ಸ್ವರದ ಒಂದೇ ತುಣುಕನ್ನು ತಿರುಗಿಸುತ್ತಲೇ ಇರುತ್ತದೆ. 2 ನಿಮಿಷ 10 ಸೆಕೆಂಡಿಗೆ ಅದು ನಿಲ್ಲುತ್ತದೆ, ಅದೇ ನಡೆಯನ್ನು ಫ್ಲೋರ್ ಟಾಮ್ ಎತ್ತಿಕೊಳ್ಳುತ್ತದೆ. ಸ್ವರ ಹೋಯಿತು, ನಡೆ ಉಳಿಯಿತು. ಪಿಯಾನೋ ಮೇಲಿನಿಂದ ಹೊಸ ಮಾತು ಶುರು ಮಾಡಿದಾಗಲೂ ಕಿವಿ ಕೆಳಗೆ ಆ ಐದು ಸ್ವರಗಳನ್ನೇ ಕೇಳುತ್ತಿರುತ್ತದೆ." ಮಾಂತ್ರಿಕ ಎನ್ನುವ ಪದ ಇಲ್ಲ, ಓದಿದವರು ಆ ಜಾಗ ಹುಡುಕಿ ಕೇಳುತ್ತಾರೆ.

ಎಡವಿದ ಟ್ರ್ಯಾಕ್ ಬಗ್ಗೆಯೂ ಇಷ್ಟೇ ನಿಖರತೆ ಬೇಕು. "ಬೇಸರ ತರಿಸುತ್ತದೆ" ಸಾಲದು. ಇಬ್ಬರ ಆಲ್ಬಮ್‌ಗಳಲ್ಲಿ ಬೇಸರಕ್ಕೆ ಪದೇಪದೇ ಸಿಗುವ ಕಾರಣ ಒಂದೇ: ಇಬ್ಬರೂ ಎಲ್ಲ ಹೊತ್ತೂ ನುಡಿಸುತ್ತಾರೆ. ಮೂರನೆಯವರಿಲ್ಲದ ಕಡೆ ಬಣ್ಣ ಬದಲಾಗಬೇಕಾದರೆ ಒಬ್ಬರು ಸುಮ್ಮನಾಗಬೇಕು. 42 ನಿಮಿಷದಲ್ಲಿ ಪಿಯಾನೋ ಒಂದೇ ಇರುವುದು ಎಷ್ಟು ಹೊತ್ತು, ಡ್ರಮ್ಸ್ ಒಂದೇ ಇರುವುದು ಎಷ್ಟು ಹೊತ್ತು ಎಂದು ಕೂಡಿಸಿ. ಎರಡೂ ಸೇರಿ ಎರಡು ನಿಮಿಷವೂ ಆಗದಿದ್ದರೆ ಬೇಸರದ ಮೂಲ ಸಿಕ್ಕಿತು.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಎರಡು ಸಂಶಯ ಉಳಿದಿವೆ. ಹಾಡಿರುವ ಎರಡು ಟ್ರ್ಯಾಕ್‌ಗಳನ್ನು ಬೇರೆಯಾಗಿ ನೋಡಬೇಕೆ? ಹೋಲಿಕೆಗೆ ಯಾರನ್ನು ತರಬಹುದು?

ಪಿಯಾನೋ ನುಡಿಸುವವರು

ಹಾಡು ಬಂದ ಕೂಡಲೇ ಪಿಯಾನೋ ಹಿಂದೆ ಸರಿದು ಕಾರ್ಡ್ ಹಿಡಿಯುತ್ತದೆ, ಡ್ರಮ್ಸ್ ತಾಳ ಹಾಕುತ್ತದೆ. ಹಾಗಾಗಿದ್ದರೆ ಆ ಎರಡು ಟ್ರ್ಯಾಕ್ ಉಳಿದ ಏಳರ ಜೊತೆ ಕೂಡುತ್ತಿಲ್ಲ ಎಂದು ಹೇಳಿ. ಸಾಲು ಮುಗಿದ ಜಾಗದಲ್ಲಿ ಯಾರು ತುಂಬುತ್ತಾರೆ, ಉಸಿರಿಗೆ ಜಾಗ ಬಿಟ್ಟಿದ್ದಾರೆಯೇ, ಅಷ್ಟು ನೋಡಿದರೆ ಸಾಕು.

ಹೋಲಿಕೆ ಒಂದೇ ಇರಲಿ, ಯಾಕೆ ಎಂದೂ ಹೇಳಿ. ಇಬ್ಬರೂ ಪೂರ್ತಿ ಬಲದಲ್ಲಿ, ಯಾರೂ ಯಾರಿಗೂ ಪಕ್ಕವಾದ್ಯವಾಗದೆ ನುಡಿಸಿದ್ದಾರೆ ಎನ್ನಲು ಪಿಯಾನೋದ ಸೆಸಿಲ್ ಟೇಲರ್ ಮತ್ತು ಡ್ರಮ್ಸ್‌ನ ಮ್ಯಾಕ್ಸ್ ರೋಚ್ 1979ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನುಡಿಸಿದ ಕಛೇರಿ ಇದೆ. ವಾದ್ಯಗಳ ಬಣ್ಣ ಬದಲಿಸುತ್ತ ಹೋಗುವ ಮೆಲ್ಲನೆಯ ಬಗೆಗೆ ಪಿಯಾನೋದ ಕೀತ್ ಜ್ಯಾರೆಟ್ ಮತ್ತು ಡ್ರಮ್ಸ್‌ನ ಜ್ಯಾಕ್ ಡಿಜೊನೆಟ್ 1971ರಲ್ಲಿ ಮಾಡಿದ, 1973ರಲ್ಲಿ ಬಿಡುಗಡೆಯಾದ ರೆಕಾರ್ಡಿಂಗ್. ಹಾಡು, ನಾಟಕೀಯತೆ, ಪಂಕ್ ಬಿರುಸು ಇದ್ದರೆ ಬಾಸ್ಟನ್‌ನ ಡ್ರೆಸ್ಡನ್ ಡಾಲ್ಸ್ ತಂಡ. ಅವರೂ ಪಿಯಾನೋ, ಡ್ರಮ್ಸ್ ಇಬ್ಬರೇ. ಮೂರು ಹೆಸರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ಆ ಮೂರೂ ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಗೀತ.

ರೆಕಾರ್ಡಿಂಗ್ ಕೆಲಸದವರು

ಕಳಿಸುವ ಮುಂಚೆ ನಿಮಿಷ, ಸೆಕೆಂಡ್ ಇನ್ನೊಮ್ಮೆ ತಾಳೆ ನೋಡಿ. ವಿಮರ್ಶೆಗೆಂದು ಮೊದಲೇ ಬಂದ ಫೈಲ್‌ಗೂ ಬಿಡುಗಡೆಯಾದ ಆಲ್ಬಮ್‌ಗೂ ಟ್ರ್ಯಾಕ್‌ನ ಆರಂಭದ ಮೌನ ಬೇರೆ ಇರಬಹುದು, ಕೆಲವೊಮ್ಮೆ ಟ್ರ್ಯಾಕ್‌ಗಳ ಕ್ರಮವೂ ಬದಲಾಗಿರುತ್ತದೆ. ಕೊನೆಯ ಟ್ರ್ಯಾಕ್ ಮುಗಿದಾಗ ಬೇಗ ನಿಲ್ಲಿಸಬೇಡಿ. ಪೆಡಲ್ ಎತ್ತಿದಾಗ ನಾದ ನಿಲ್ಲಿಸುವ ಡ್ಯಾಂಪರ್‌ಗಳು ತಂತಿಗೆ ಕೂರುವ ಮೆತ್ತನೆಯ ಸದ್ದು, ಸಿಂಬಲ್ಲನ್ನು ಬೆರಳಲ್ಲಿ ಹಿಡಿದು ನಿಲ್ಲಿಸುವ ಸದ್ದು, ಎರಡರಲ್ಲಿ ಯಾವುದು ಕೊನೆಗೆ ಬಂತು ಎಂದು ಕೇಳಿ.