ಲಿಂಗಸುಗೂರಿನಿಂದ ಬೆಂಗಳೂರಿಗೆ ಬಂದ ಕುಟುಂಬ: ತಾಯಿ ಕಾರ್ಡ್, ಅಂಗನವಾಡಿ ಆಹಾರ, ಕೂಸಿನ ಲಸಿಕೆ ಇಲ್ಲಿ ಸಿಗುತ್ತಾ?

ಹಟ್ಟಿ_ಹುಡುಗ

ನಮ್ಮ ಕಡೆಯ ಒಂದು ಕುಟುಂಬ ವರ್ತೂರು ಹತ್ತಿರ ಬಿಲ್ಡಿಂಗ್ ಕೆಲಸಕ್ಕ ಬಂದು ಶೆಡ್‌ನಾಗ ಅದಾರ. ಗಂಡ ಸೆಂಟ್ರಿಂಗ್, ಹೆಂಡತಿ ಹೆಲ್ಪರ್. ಆಕಿಗೆ ಈಗ ಐದು ತಿಂಗಳು. ಮೊದಲನೇದು ಗಂಡುಕೂಸು, 22 ತಿಂಗಳು, ಕೈಕಾಲು ಬಾಳ ಸಣ್ಣ ಕಾಣತಾವ. ತಾಯಿ ಕಾರ್ಡ್ ಊರಾಗ ಮಾಡಿಸಿದ್ದು, ಕೈಯಾಗ ಐತಿ. ಇಲ್ಲಿ ಅಂಗನವಾಡಿಯವರು "ಹೆಸರು ಊರಲ್ಲೇ ಇದೆ, ಸೇರಿಸೋಕೆ ಆಗ್ತಿಲ್ಲ" ಅಂದಾರಂತ. ಮಾತೃವಂದನಾ (ಬಸುರಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡೂ ನೆರವು) ರೊಕ್ಕ ಕೊಡಸ್ತೀನಿ ಅಂತ ಒಬ್ಬಾತ 500 ರೂಪಾಯಿ ಕೇಳ್ಯಾನ. ಹಗಲು ಕೂಸು ಎಲ್ಲಿ ಬಿಡೂದು ಅನ್ನೋದೂ ಒಂದು ಚಿಂತಿ. ಯಾವುದು ಮೊದಲು ಮಾಡಬೇಕು, ತಿಳಿದವರು ಹೇಳ್ರಿ.

ಮೇಲ್ವಿಚಾರಕಿ_ಮೈಸೂರು

ಮೊದಲು ಆ 500 ಉಳಿಸಿ. ಮಾತೃವಂದನಾದಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಎರಡನೇ ಮಗುವಿಗೆ ಬರುವುದು ಹೆಣ್ಣಾದರೆ ಮಾತ್ರ, 6,000, ಒಂದೇ ಕಂತು, ಅದೂ ಹೆರಿಗೆಯಾದ ಮೇಲೆ. ಅಂದರೆ ಈಗ ದುಡ್ಡು ಬರುವುದಿಲ್ಲ, ಆದರೆ ಎರಡನೇ ಮಗುವಿನ ನೆರವಿಗೆ ಬಸಿರಿದ್ದಾಗಲೇ ನೋಂದಣಿ ಆಗಿರಬೇಕು. 22 ತಿಂಗಳ ಮಗುವಿನ ಲೆಕ್ಕದಲ್ಲಿ ಹಾಕಲು ಅವಧಿ ಮುಗಿದಿದೆ. ಹೆಣ್ಣು ಹುಟ್ಟಿದರೆ ಹೆರಿಗೆಯಿಂದ 270 ದಿನದೊಳಗೆ ಅಂಗನವಾಡಿ ಅಥವಾ ಆಶಾ ಮೂಲಕ ಹಾಕಿ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಅಂಗನವಾಡಿ ವಿಷಯ. ಹೆಸರುಗಳೆಲ್ಲ ಅಂಗನವಾಡಿಯವರು ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಆಧಾರ್ ಮೇಲೆ ನಿಂತಿವೆ. ಊರಿನ ಕೇಂದ್ರದಲ್ಲಿ ಹೆಸರು ಇರುವಾಗ ಇಲ್ಲಿ ಹೊಸದಾಗಿ ಸೇರಿಸಲು ಹೋದರೆ ಆ್ಯಪ್ ಒಪ್ಪುವುದಿಲ್ಲ. ಹಾಗಂತ ಹೆಸರು ಅಳಿಸಿ ಹೊಸದಾಗಿ ಹಾಕಿಸಬೇಡಿ, ಮಗುವಿನ ಹಿಂದಿನ ತೂಕ, ಎತ್ತರ ಎಲ್ಲ ಹೋಗುತ್ತದೆ. ಅದೇ ಆ್ಯಪ್‌ನಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ವ್ಯವಸ್ಥೆ ಇದೆ. ಇಲ್ಲಿಯ ಕೇಂದ್ರದ ಹೆಸರು, ಸಂಖ್ಯೆ ತೆಗೆದುಕೊಂಡು ಊರಿನ ಕಾರ್ಯಕರ್ತೆಗೆ ಫೋನ್ ಮಾಡಿಸಿ, ತಾಯಿ ಮಗು ಇಬ್ಬರನ್ನೂ ವರ್ಗ ಮಾಡಲು ಹೇಳಿ. ಆಗದಿದ್ದರೆ ಇಲ್ಲಿಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಆ ವಲಯದ ಮೇಲ್ವಿಚಾರಕಿಯನ್ನು ಕೇಳಿ. ಬಾಡಿಗೆ ಕರಾರು, ವಿಳಾಸದ ದಾಖಲೆ ಇಲ್ಲ ಎಂದು ಶೆಡ್‌ನವರನ್ನು ವಾಪಸ್ ಕಳಿಸುವ ಹಾಗಿಲ್ಲ. ಮಗುವಿಗೆ ಆಧಾರ್ ಇಲ್ಲದಿದ್ದರೂ ತಾಯಿಯದು ಸಾಕು.

ಜನ ಹೆಚ್ಚು ಸಿಕ್ಕಿಬೀಳುವುದು ಬೇರೆ ಕಡೆ. ಮನೆಗೆ ಕೊಡುವ ಆಹಾರಕ್ಕೆ ಈಗ ಮುಖಚಹರೆ ದೃಢೀಕರಣ ಬಂದಿದೆ. ಮೊದಲ ಸಲ ಇಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಮಾಡುವಾಗ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಊರಲ್ಲಿ ಅತ್ತೆಯ ಹತ್ತಿರ ಇರುತ್ತದೆ, ಇಲ್ಲವೇ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ಹಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ, ಆಮೇಲೆ ಅಂಗನವಾಡಿಗೆ ಹೋಗಿ. ಉಲ್ಟಾ ಮಾಡಿದರೆ ಎರಡು ದಿನದ ಕೂಲಿ ಹೋಗುತ್ತದೆ.

6 ತಿಂಗಳಿಂದ 3 ವರ್ಷದ ಮಗುವಿಗೆ ಆಹಾರ ಮನೆಗೆ ಕೊಡುತ್ತಾರೆ. ಗರ್ಭಿಣಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿ ಕೇಂದ್ರದಲ್ಲೇ. ಕೆಲಸದ ಊಟದ ಬಿಡುವಿಗೂ ಅಲ್ಲಿ ಬಡಿಸುವ ಹೊತ್ತಿಗೂ ತಾಳೆಯಾಗುತ್ತದಾ ಎಂದು ಮೊದಲೇ ಕೇಳಿಕೊಳ್ಳಿ, ಎಷ್ಟೋ ಹೆಂಗಸರು ಇದೊಂದೇ ಕಾರಣಕ್ಕೆ ಬಿಡುತ್ತಾರೆ.

ನರ್ಸಕ್ಕ

ಕೂಸು ಸಣ್ಣ ಆಗಿದೆ ಎಂದಿರಲ್ಲ, ನನ್ನ ಕೇಳಿದರೆ ಕಾಗದದ ಕೆಲಸಕ್ಕಿಂತ ಅದೇ ಮೊದಲು. ಅಂಗನವಾಡಿ ಅಥವಾ ಆಶಾ ಹತ್ತಿರ ತೋಳಿನ ಸುತ್ತಳತೆ ನೋಡುವ ಮೂರು ಬಣ್ಣದ ಪಟ್ಟಿ ಇರುತ್ತದೆ. ಎಡಗೈ ಸಡಿಲ ಬಿಟ್ಟು, ಭುಜದ ತುದಿಗೂ ಮೊಣಕೈಗೂ ಸರಿ ನಡುವೆ ಸುತ್ತಬೇಕು. ಚರ್ಮ ಒತ್ತುವ ಹಾಗೆ ಎಳೆದರೆ ತಪ್ಪು ಅಳತೆ ಬರುತ್ತದೆ. 12.5 ಸೆಂ.ಮೀ. ಮತ್ತು ಮೇಲೆ ಹಸಿರು, 11.5ರಿಂದ 12.5ರ ಒಳಗೆ ಹಳದಿ, 11.5ಕ್ಕಿಂತ ಕಡಿಮೆ ಕೆಂಪು. ಜೊತೆಗೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡಿ. ಎರಡೂ ಕಡೆ ಗುಳಿ ಹಾಗೇ ಉಳಿದರೆ ಅದು ಬಾವು, ಪಟ್ಟಿ ಹಸಿರು ತೋರಿಸಿದರೂ ತೀವ್ರ ಅಪೌಷ್ಟಿಕತೆ ಎಂದೇ ಲೆಕ್ಕ.

ಕೆಂಪು ಬಂತು, ಆದರೆ ಕೂಸು ಚೆನ್ನಾಗಿ ತಿನ್ನುತ್ತದೆ, ಜ್ವರ, ಭೇದಿ ಇಲ್ಲ ಎಂದಾದರೆ ವೈದ್ಯರಿಗೆ ತೋರಿಸಿ, ಅಂಗನವಾಡಿಯ ಹೆಚ್ಚುವರಿ ಆಹಾರದಲ್ಲೇ ನೋಡಿಕೊಳ್ಳಬಹುದು. ಅಂಥ ಮಗುವಿಗೆ ದಿನಕ್ಕೆ ಬೇರೆ ಮಕ್ಕಳ ಹಾಗೆ 500 ಅಲ್ಲ, 800 ಕ್ಯಾಲೊರಿಯ ಆಹಾರ ಕೊಡಬೇಕೆಂದು ನಿಯಮವೇ ಇದೆ. ತಿನ್ನುವುದೇ ಇಲ್ಲ, ಮಂಕಾಗಿದೆ, ಬಾವು ಇದೆ, ಉಸಿರಾಟ ಜೋರಾಗಿದೆ ಎಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಸಾಮಾನ್ಯವಾಗಿ 14 ದಿನ, ತಾಯಿ ಜೊತೆಗಿರಬೇಕು. ತಾಯಿಗೆ ಊಟ, ಕೂಲಿ ನಷ್ಟದ ಭತ್ಯೆ ಇದೆ. ಆರನೇ ದಿನ ಮಗು ನಗಲು ಶುರುಮಾಡುತ್ತದೆ, ಆಗ ಗಂಡ ಬಂದು ಕರೆದುಕೊಂಡು ಹೋಗಿಬಿಡುತ್ತಾನೆ, ಅಲ್ಲೇ ಕೆಡುವುದು. ಬಿಡುಗಡೆ ಆದಮೇಲೂ 15 ದಿನಕ್ಕೊಮ್ಮೆ ನಾಲ್ಕು ಸಲ ತೋರಿಸಬೇಕು.

ಲಸಿಕೆ: 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೊ ಬೂಸ್ಟರ್. 22 ತಿಂಗಳು ಎಂದರೆ ಇನ್ನು ಎರಡೇ ತಿಂಗಳಿದೆ, ಇದೇ ಗುರುವಾರ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆರು ತಿಂಗಳಿಗೊಮ್ಮೆ ಹಾಕುವ ವಿಟಮಿನ್ ಎ ಬಾಕಿ ಇದ್ದರೆ ಅಲ್ಲೇ ಕೇಳಿ. ಊರಿನ ಕಾರ್ಡ್ ಎಲ್ಲ ಕಡೆ ನಡೆಯುತ್ತದೆ.

ತಾಯಿಗೆ: ಹಿಂದಿನ ಬಸಿರಲ್ಲಿ ಎರಡು ಟಿಡಿ (ಧನುರ್ವಾಯು-ಡಿಫ್ತೀರಿಯಾ ಲಸಿಕೆ) ಆಗಿದ್ದು ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಈ ಸಲ ಒಂದೇ ಬೂಸ್ಟರ್ ಸಾಕು. ಕಾರ್ಡ್ ತೋರಿಸದಿದ್ದರೆ ಮತ್ತೆ ಎರಡು ಚುಚ್ಚುತ್ತಾರೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ, ಎರಡೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಗರ್ಭಿಣಿಯರನ್ನು ನೋಡುತ್ತಾರೆ, ಉಚಿತ.

ಲೇಬರ್_ಕಾರ್ಡ್_ಮಾಹಿತಿ

ಒಂದು ಸೇರಿಸುತ್ತೇನೆ. ಆಕೆಯೂ ಕಟ್ಟಡ ಕಾರ್ಮಿಕಳೇ ಅಲ್ಲವೇ? ಹೆಚ್ಚಿನ ಮನೆಗಳಲ್ಲಿ ಲೇಬರ್ ಕಾರ್ಡ್ ಗಂಡನ ಹೆಸರಲ್ಲಿ ಮಾತ್ರ ಇರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹೆರಿಗೆ ನೆರವು (ತಾಯಿ ಲಕ್ಷ್ಮಿ ಬಾಂಡ್, 50,000 ರೂಪಾಯಿ, ಮೊದಲ ಎರಡು ಮಕ್ಕಳಿಗೆ) ಸಿಗುವುದು ನೋಂದಾಯಿತ ಮಹಿಳೆಗೆ. ಗಂಡನ ಕಾರ್ಡಿಗೆ ಇದು ಬರುವುದಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು, ಕಾಂಟ್ರಾಕ್ಟರ್ ಸಹಿ ಹಾಕಬೇಕು. ಈಗ ಐದು ತಿಂಗಳು, ಆಕೆಯ ಹೆಸರಲ್ಲಿ ನೋಂದಣಿ ಇವತ್ತೇ ಶುರುಮಾಡಿ. ಹೆರಿಗೆ ಆದಮೇಲೆ ನೋಂದಣಿಗೆ ಓಡಾಡಿದರೆ ಪ್ರಯೋಜನ ಇಲ್ಲ. ಸೈಬರ್ ಅಂಗಡಿಯವರು ಕೊಡಿಸುವ ಸುಳ್ಳು 90 ದಿನದ ಪತ್ರ ಬೇಡ, ಪರಿಶೀಲನೆಯಲ್ಲಿ ಕಾರ್ಡೇ ರದ್ದಾಗುತ್ತದೆ.

ಕೂಸನ್ನು ಬಿಡುವ ಜಾಗ: 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ಇರುವ ಕಟ್ಟಡ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಲೇಬೇಕು ಎಂದು 1996ರ ಕಾಯ್ದೆಯಲ್ಲೇ ಇತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಈಗಿನ ನಿಯಮ ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಳ್ಳಿ. ಲೆಕ್ಕಕ್ಕೆ ಬರುವುದು ಇಡೀ ಸೈಟು. ಸಣ್ಣ ಸಬ್ ಕಾಂಟ್ರಾಕ್ಟರ್ "ನನ್ನ ಹತ್ತಿರ ಎಂಟೇ ಹೆಂಗಸರು" ಎಂದು ಜಾರಿಕೊಳ್ಳುತ್ತಾನೆ, ಹಾಗಾಗಿ ಮುಖ್ಯ ಬಿಲ್ಡರ್‌ನ ಸೇಫ್ಟಿ ಆಫೀಸರನ್ನು ಕೇಳಿ.

ಹಟ್ಟಿ_ಹುಡುಗ

ಬಾಳ ಉಪಕಾರ ಆತು ಅಕ್ಕಾರ, ಸರ್. ಊರಾಗ ನರೇಗಾ ಕೆಲಸದವರಿಗೆ ಹಗಲು ಕೂಸು ಬಿಡೂ "ಕೂಸಿನ ಮನೆ" ಐತಲ್ಲ, ಅದು ಇಲ್ಲಿ ಇಲ್ಲೇನು? ಅಂಗನವಾಡಿಯಾಗ ಹಗಲೆಲ್ಲ ಬಿಟ್ಟು ಬರಾಕ ಆಗಲ್ಲೇನು?

ಮೇಲ್ವಿಚಾರಕಿ_ಮೈಸೂರು

ಕೂಸಿನ ಮನೆ ಗ್ರಾಮ ಪಂಚಾಯಿತಿಯದು, ಪಾಲಿಕೆ ವ್ಯಾಪ್ತಿಯಲ್ಲಿ ಇರುವುದಿಲ್ಲ. ವರ್ತೂರು ಆಚೆ ಕೆಲವು ಸೈಟು ಪಂಚಾಯಿತಿ ಮಿತಿಯಲ್ಲಿವೆ, ನಿಮ್ಮದು ಯಾವುದರಲ್ಲಿ ಬರುತ್ತದೆ ನೋಡಿ, ಪಂಚಾಯಿತಿ ಆಗಿದ್ದರೆ ಅಲ್ಲಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ವಿಚಾರಿಸಿ. ಸಾಮಾನ್ಯ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3 ವರ್ಷ ತುಂಬಿದವರಿಗೆ. 22 ತಿಂಗಳ ಮಗುವನ್ನು ಇಡೀ ದಿನ ಬಿಡಲು ಕೇಂದ್ರ ಸರ್ಕಾರದ ಪಾಲನಾ ಯೋಜನೆಯ ಅಂಗನವಾಡಿ-ಶಿಶುಪಾಲನಾ ಕೇಂದ್ರ ಬೇಕು, ಅಲ್ಲಿ 6 ತಿಂಗಳಿಂದಲೇ ತೆಗೆದುಕೊಳ್ಳುತ್ತಾರೆ. ಎಲ್ಲ ಕಡೆ ಇಲ್ಲ. ವರ್ಗಾವಣೆಗೆ ಸಿಡಿಪಿಒ ಕಚೇರಿಗೆ ಹೋದಾಗಲೇ ಹತ್ತಿರದ್ದು ಎಲ್ಲಿದೆ ಎಂದು ಕೇಳಿ, ತಾಯಿ ಕಾರ್ಡಿನ ಎರಡು ಜೆರಾಕ್ಸ್ ಕೈಯಲ್ಲಿರಲಿ. ಮೂಲ ಕಾರ್ಡನ್ನು ಯಾರ ಹತ್ತಿರವೂ ಬಿಟ್ಟು ಬರಬೇಡಿ.